ಭಾರ ತಪ್ಪಿದ ಜೀವಕೋಶ

ಕಾಲು ಮುರಿದು ವಾರಗಟ್ಟಲೆ ಪ್ಲಾಸ್ಟರ್ ಹಾಕಿಸಿಕೊಂಡವರನ್ನು ದಾವಣಗೆರೆಯ ಚಿಗಟೇರಿ ಆಸ್ಪತ್ರೆಯಲ್ಲೋ ಬಾಪೂಜಿಯಲ್ಲೋ ಕಂಡವರಿಗೆ ಗೊತ್ತು: ಕಟ್ಟು ಬಿಚ್ಚುವಾಗ ಮೂಳೆ ಕೂಡಿಕೊಂಡಿರುತ್ತದೆ, ಆದರೆ ಆ ತೊಡೆ ಮಾತ್ರ ಪಕ್ಕದ ತೊಡೆಯ ಮುಂದೆ ಸೊರಗಿ ಕಾಣುತ್ತದೆ. ನೆಲಕ್ಕೆ ಊರಿದರೆ ಕಾಲು ನಡುಗುತ್ತದೆ. ರೋಗ ಬಂದು ಸೊರಗಿದ್ದಲ್ಲ, ಭಾರ ಹೊರುವ ಕೆಲಸ ತಪ್ಪಿದ್ದಕ್ಕೆ ಸ್ನಾಯು ಕರಗಿದ್ದು. ಗಗನಯಾತ್ರಿಗೆ ಇದೇ ಪಾಡು ಎರಡೂ ಕಾಲು, ಸೊಂಟ, ಬೆನ್ನಿಗೆ ಒಟ್ಟೊಟ್ಟಿಗೆ ಬರುತ್ತದೆ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ, ಹರಿಹರದಿಂದ ಬೆಂಗಳೂರಿಗಿರುವ ದೂರದ ಒಂದೂವರೆ ಪಟ್ಟು, ಅಷ್ಟೇ. ಅಲ್ಲಿಯೂ ಭೂಮಿಯ ಸೆಳೆತ ಶೇ 90ರಷ್ಟು ಇದ್ದೇ ಇರುತ್ತದೆ. ಆದರೆ ನಿಲ್ದಾಣವೂ ಅದರೊಳಗಿನವರೂ ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ಭೂಮಿಯ ಸುತ್ತ ಒಟ್ಟಿಗೇ ಬೀಳುತ್ತಿರುವುದರಿಂದ ಯಾವುದೂ ಯಾವುದನ್ನೂ ಒತ್ತುವುದಿಲ್ಲ.

ಆ ಒತ್ತಡವೇ ಜೀವಕೋಶಕ್ಕೆ ಬೇಕಾದ ಸುದ್ದಿ. ಕೋಶದೊಳಗೆ ಪ್ರೋಟೀನ್ ಎಳೆಗಳ ಹಂದರವಿದೆ. ಮೈಭಾರ ಬಿದ್ದಾಗ ಆ ಎಳೆಗಳು ಜಗ್ಗುತ್ತವೆ. ಆ ಜಗ್ಗಾಟ ರಾಸಾಯನಿಕ ಸಂಕೇತವಾಗಿ ಕೋಶಕೇಂದ್ರ ಮುಟ್ಟಿ, ಯಾವ ಜೀನ್ ಕೆಲಸಕ್ಕಿಳಿಯಬೇಕೆಂಬುದನ್ನು ತಿದ್ದುತ್ತದೆ. ಸುದ್ದಿ ನಿಂತರೆ ಮೂಳೆ ಕಟ್ಟುವ ಕೋಶಗಳಿಗಿಂತ ಮೂಳೆ ಕರಗಿಸುವ ಕೋಶಗಳದೇ ಮೇಲುಗೈ. ಭಾರ ಹೊರುವ ಮೂಳೆಗಳ ಸಾಂದ್ರತೆ ತಿಂಗಳಿಗೆ ಶೇ 1ರಿಂದ 1.5ರಷ್ಟು ಇಳಿಯುತ್ತದೆ. ಹಾಗಾಗಿಯೇ ಅಲ್ಲಿ ದಿನಾ ಎರಡು ತಾಸಿನ ವ್ಯಾಯಾಮ.

2025ರ ಜೂನ್ 25ರಂದು ನಿಲ್ದಾಣಕ್ಕೆ ಹೊರಟ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಅವರ ಜೊತೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಸ್ನಾಯುಕೋಶಗಳ ಪ್ರಯೋಗವೂ ಹೋಗಿತ್ತು. ತೂಕವಿಲ್ಲದಲ್ಲಿ ಸ್ನಾಯು ಮರಳಿ ಬೆಳೆಯಲು ಏನು ಅಡ್ಡಿ, ಪೂರಕ ಪೋಷಕಾಂಶ ಕೊಟ್ಟರೆ ಅದು ನಿವಾರಣೆಯಾದೀತೇ ಎಂಬುದು ಪ್ರಶ್ನೆ. ಹಾಸಿಗೆ ಹಿಡಿದ ನಮ್ಮ ಹಿರಿಯರ ಪ್ರಶ್ನೆಯೂ ಇದೇ ಆದ್ದರಿಂದ, ಆ ಪ್ರಯೋಗದ ಸಣ್ಣ ಪೆಟ್ಟಿಗೆಯ ಮೇಲೆ ನನಗೆ ರಾಕೆಟ್ಟಿಗಿಂತ ಹೆಚ್ಚು ಅಕ್ಕರೆ.

ವಿಕಿರಣದ ಮಾತು ಬೇರೆ. ಅದಕ್ಕೆ ವ್ಯಾಯಾಮದ ಮದ್ದಿಲ್ಲ. ನೆಲದ ಮೇಲೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ನೈಸರ್ಗಿಕ ವಿಕಿರಣ ತಗಲುತ್ತದೆ. ನಿಲ್ದಾಣದಲ್ಲಿ ಅಷ್ಟಕ್ಕೆ ವಾರ ಸಾಕು. ದೂರದ ನಕ್ಷತ್ರ ಸ್ಫೋಟಗಳಿಂದ ಬರುವ ಭಾರದ ಕಣಗಳು ಡಿಎನ್‌ಎಯ ಎರಡೂ ಎಳೆಗಳನ್ನು ಒಂದೇ ಕಡೆ ಕತ್ತರಿಸಬಲ್ಲವು. ಒಂದೆಳೆ ತುಂಡಾದರೆ ಇನ್ನೊಂದನ್ನು ನೋಡಿಕೊಂಡು ಕೋಶ ರಿಪೇರಿ ಮಾಡಿಕೊಳ್ಳುತ್ತದೆ. ಎರಡೂ ಹೋದರೆ ತುದಿಗಳು ತಲೆಕೆಳಗಾಗಿ ಕೂಡುವುದುಂಟು. 340 ದಿನ ನಿಲ್ದಾಣದಲ್ಲಿದ್ದ ಅಮೆರಿಕದ ಗಗನಯಾತ್ರಿ ಸ್ಕಾಟ್ ಕೆಲ್ಲಿಯ ವರ್ಣತಂತುಗಳಲ್ಲಿ ಅಂಥ ಬೆಸುಗೆಗಳು ಕಂಡವು.

ಶುಕ್ಲಾ ಅವರ ಜೊತೆ ನೀರುಕರಡಿಗಳೂ ಹೋಗಿದ್ದವು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಗೋಡೆಯ ಪಾಚಿಯಲ್ಲಿ ಸಿಕ್ಕ ತಳಿ ಅದು. ಮಳೆಗಾಲದಲ್ಲಿ ಹರಿಹರದ ಯಾವ ಹಳೇ ಗೋಡೆಯ ಮೇಲೂ ಬೆಳೆಯುವಂಥ ಪಾಚಿ. ಬರಿಗಣ್ಣಿಗೆ ಕಾಣುವುದೇ ಕಷ್ಟವಾದ ಈ ಎಂಟು ಕಾಲಿನ ಜೀವಿ, ಬ್ಯಾಕ್ಟೀರಿಯಾಗಳನ್ನೇ ಕೊಲ್ಲುವ ನೇರಳಾತೀತ ಕಿರಣದಲ್ಲಿ ನೀಲಿಯಾಗಿ ಹೊಳೆಯುತ್ತಾ ಬದುಕುಳಿಯುತ್ತದೆ. ಇನ್ನೊಂದು ಜಾತಿಯ ನೀರುಕರಡಿಯಲ್ಲಿ ಡಿಎನ್‌ಎಗೆ ಅಂಟಿಕೊಂಡು ಅದನ್ನು ಕಾಯುವ ‘ಡಿಸಪ್’ ಎಂಬ ಪ್ರೋಟೀನ್ ಇದೆ. 2016ರಲ್ಲಿ ಜಪಾನಿನ ವಿಜ್ಞಾನಿಗಳು ಅದನ್ನು ಮಾನವ ಜೀವಕೋಶಗಳಿಗೆ ಸೇರಿಸಿದಾಗ ಎಕ್ಸ್‌ರೇಯಿಂದಾಗುವ ಹಾನಿ ಸುಮಾರು ಶೇ 40ರಷ್ಟು ತಗ್ಗಿತು.

ಈ ಪ್ರೋಟೀನಿನ ಆಸೆ ನೆಲದ ಮೇಲಿನ ರೋಗಿಗಳಿಗೂ ಇದೆ. ಬಾಯಿ ಕ್ಯಾನ್ಸರಿಗೆ ಕರೆಂಟ್, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸಿಕೊಂಡವರಿಗೆ ಗಡ್ಡೆಯ ಜೊತೆ ಒಳ್ಳೆಯ ಚರ್ಮವೂ ಬೆಂದು, ಅನ್ನ ನುಂಗುವುದೇ ಹಿಂಸೆಯಾಗುತ್ತದೆ. 2025ರಲ್ಲಿ ಅಮೆರಿಕದ ಸಂಶೋಧಕರು ಡಿಸಪ್ ತಯಾರಿಸುವ ಎಂಆರ್‌ಎನ್‌ಎಯನ್ನು ಇಲಿಗಳ ಬಾಯಿಗೂ ಗುದನಾಳಕ್ಕೂ ಮೊದಲೇ ಚುಚ್ಚಿ, ಆಮೇಲೆ ವಿಕಿರಣ ಹಾಯಿಸಿದರು. ಆರೋಗ್ಯವಂತ ಕೋಶಗಳ ಡಿಎನ್‌ಎ ತುಂಡಾಗುವುದು ಕಡಿಮೆಯಾಯಿತು.