ಸ್ಥಿತ್ಯಂತರ ಕಾಲದ ಚುನಾವಣಾ ವ್ಯವಸ್ಥೆ: ಬೆಂಗಳೂರಿನ ಹೊರವಲಯದ ಅನುಭವ

ಸ್ಥಳೀಯಾಡಳಿತದ ಸ್ವರೂಪ ಬದಲಾಗುವಾಗ ಮತದಾನದ ದಿನಕ್ಕಿಂತ ಅದರ ಹಿಂದಿನ ಸಿದ್ಧತೆಯೇ ಹೆಚ್ಚು ವಿವಾದಾಸ್ಪದವಾಗುತ್ತದೆ. ವಾರ್ಡುಗಳ ಗಡಿ, ಮೀಸಲಾತಿ, ಮತದಾರರ ಪಟ್ಟಿ ಇವುಗಳನ್ನು ಯಾರು, ಎಷ್ಟು ಅವಧಿಯೊಳಗೆ ನಿಗದಿಪಡಿಸಬೇಕೆಂಬುದು ಅಲ್ಲಿನ ಮುಖ್ಯ ಪ್ರಶ್ನೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ರಚನೆ ಇದಕ್ಕೆ ಉತ್ತಮ ನಿದರ್ಶನವಾಗಿದೆ.

ನೂರು ವಾರ್ಡುಗಳಿದ್ದ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸಭೆಯ ಅವಧಿ 2006ರ ನವೆಂಬರಿನಲ್ಲಿ ಮುಗಿಯಿತು. 2007ರ ಜನವರಿಯಲ್ಲಿ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಹಾಗೂ 110 ಗ್ರಾಮಗಳು ಪಾಲಿಕೆಯಲ್ಲಿ ವಿಲೀನಗೊಂಡವು. ಪೀಣ್ಯಕ್ಕೆ ಹೊಂದಿಕೊಂಡ ದಾಸರಹಳ್ಳಿ, ವೈಟ್‌ಫೀಲ್ಡ್ ದಿಕ್ಕಿನ ಮಹದೇವಪುರ, ಎಲೆಕ್ಟ್ರಾನಿಕ್ ಸಿಟಿಯ ಹಾದಿಯಲ್ಲಿರುವ ಬೊಮ್ಮನಹಳ್ಳಿ ಈ ನಗರಸಭೆಗಳಲ್ಲಿ ಸೇರಿದ್ದವು. ತಮ್ಮದೇ ನಗರಸಭೆಯನ್ನು ಕಳೆದುಕೊಂಡ ಈ ಪ್ರದೇಶಗಳಿಗೆ ಹೊಸ ಪಾಲಿಕೆಯಲ್ಲಿ ಪ್ರತಿನಿಧಿಗಳು ದೊರೆಯಲು ಮೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಅಲ್ಲಿಯವರೆಗೆ ನಡೆದದ್ದು ಆಡಳಿತಾಧಿಕಾರಿಯ ಆಳ್ವಿಕೆ.

ಸಂವಿಧಾನದ 243ಯು ವಿಧಿಯ ಪ್ರಕಾರ ನಗರಾಡಳಿತ ಸಂಸ್ಥೆಯ ಅವಧಿ ಐದು ವರ್ಷ. ಅದು ಮುಗಿಯುವ ಮೊದಲೇ ಚುನಾವಣೆ ಪೂರ್ಣಗೊಳ್ಳಬೇಕು. ಅಹಮದಾಬಾದ್ ಪಾಲಿಕೆಗೆ ಸಂಬಂಧಿಸಿದ ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2006ರಲ್ಲೇ ಈ ಕಾಲಮಿತಿಯ ಕಡ್ಡಾಯತೆಯನ್ನು ಎತ್ತಿಹಿಡಿದಿತ್ತು. ಆದರೆ ಚುನಾವಣೆ ನಡೆಸುವ ಹೊಣೆ ರಾಜ್ಯ ಚುನಾವಣಾ ಆಯೋಗದ್ದಾದರೆ, ವಾರ್ಡ್ ವಿಂಗಡಣೆ ಮತ್ತು ಮೀಸಲಾತಿಯ ಅಧಿಸೂಚನೆ ಹೊರಡಿಸುವುದು ರಾಜ್ಯ ಸರ್ಕಾರ. ಮೊದಲನೆಯದು ಎರಡನೆಯದಕ್ಕಾಗಿ ಕಾಯಬೇಕಾಗುತ್ತದೆ. ಕರಡು ಪಟ್ಟಿಗೆ ಆಕ್ಷೇಪಣೆ ಸಲ್ಲಿಸುವ ಅವಕಾಶವಿದ್ದರೂ, ಭಿನ್ನಾಭಿಪ್ರಾಯಗಳು ಪರಸ್ಪರ ಸಮಾಲೋಚನೆಯಿಂದ ಬಗೆಹರಿಯದೆ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದವು.

ಕೊನೆಗೆ 2010ರ ಮಾರ್ಚ್ 28ರಂದು 198 ವಾರ್ಡುಗಳಿಗೆ ಮತದಾನ ನಡೆಯಿತು. 2015ರಲ್ಲೂ ಅವಧಿಗೆ ಸರಿಯಾಗಿ ಚುನಾವಣೆ ನಡೆಯದೆ ಆಗಸ್ಟ್ 22ಕ್ಕೆ ಮುಂದೆ ಹೋಯಿತು. ಆಗ ಆಯ್ಕೆಯಾದ ಸಭೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಬಳಿಕ ವಾರ್ಡುಗಳ ಸಂಖ್ಯೆಯನ್ನು 243ಕ್ಕೆ ಏರಿಸಿ, 2023ರಲ್ಲಿ 225ಕ್ಕೆ ಇಳಿಸಲಾಯಿತು. ಚುನಾವಣೆ ಮಾತ್ರ ನಡೆಯಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಾಗಲೂ ಅವುಗಳಲ್ಲಿ ಚುನಾಯಿತ ಸದಸ್ಯರಿರಲಿಲ್ಲ.

ವಾರ್ಡುಗಳ ಮರುವಿಂಗಡಣೆ ಅನಾವಶ್ಯಕವೆಂದು ಇದರ ಅರ್ಥವಲ್ಲ. ವೇಗವಾಗಿ ಬೆಳೆದ ಹೊರವಲಯಕ್ಕೆ ಜನಸಂಖ್ಯೆಗನುಗುಣವಾದ ಪ್ರಾತಿನಿಧ್ಯ ದೊರೆಯಲು ಅದು ಅನಿವಾರ್ಯ. ಆದರೆ ನ್ಯಾಯೋಚಿತ ಗಡಿಯ ಹುಡುಕಾಟವೇ ಮತದಾನವನ್ನು ಮುಂದೂಡುವ ಕಾರಣವಾದರೆ, ಯಾರಿಗಾಗಿ ಗಡಿ ಎಳೆಯಲಾಗುತ್ತದೆಯೋ ಅವರೇ ಪ್ರತಿನಿಧಿಯಿಲ್ಲದೆ ಉಳಿಯುತ್ತಾರೆ. ಆಡಳಿತ ಘಟಕಗಳನ್ನು ಒಗ್ಗೂಡಿಸುವ ಅಥವಾ ವಿಭಜಿಸುವ ಶಾಸನದಲ್ಲಿಯೇ ವಿಂಗಡಣೆಯ ಹೊಣೆಗಾರಿಕೆ ಹಾಗೂ ಚುನಾವಣೆಯ ಗಡುವು ನಿರ್ದಿಷ್ಟವಾಗಿರಬೇಕೆಂಬುದು ಈ ಅನುಭವದಿಂದ ಸ್ಪಷ್ಟವಾಗುತ್ತದೆ.