ಕಾರಿನ ನಿಯತ ತಪಾಸಣೆ

ಕಾರಿನ ನಿಯತ ತಪಾಸಣೆ ಎಂದರೆ ಗ್ಯಾರೇಜಿನ ನೆರವಿಲ್ಲದೆ ಮಾಲೀಕರೇ ಕಾಲಕಾಲಕ್ಕೆ ಮಾಡಬಹುದಾದ ಸರಳ ಪರೀಕ್ಷೆಗಳು. ಅರಸೀಕೆರೆಯ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 73 ಬಯಲುಸೀಮೆಯಿಂದ ಚಾರ್ಮಾಡಿ ಘಾಟಿಯ ಮೂಲಕ ಕರಾವಳಿಗೆ ಇಳಿಯುತ್ತದೆ. ಇಂತಹ ಪ್ರಯಾಣಕ್ಕೆ ಮುನ್ನ ಟಯರು ಹಾಗೂ ಬ್ರೇಕುಗಳ ತಪಾಸಣೆ ಅತ್ಯಗತ್ಯ.

ಟಯರು
ಗಾಳಿಯ ಒತ್ತಡವನ್ನು ಟಯರು ತಣ್ಣಗಿರುವಾಗ ಅಳೆಯಬೇಕು. ಓಡಿ ಬಿಸಿಯಾದ ಟಯರಿನಲ್ಲಿ ಒತ್ತಡ ಹೆಚ್ಚಿರುತ್ತದೆ. ಸೂಕ್ತ ಪ್ರಮಾಣವನ್ನು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ನಮೂದಿಸಲಾಗಿರುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಕಾರಿನ ಟಯರಿನ ಗೀರುಗಳ ಆಳ ಕನಿಷ್ಠ 1.6 ಮಿ.ಮೀ. ಇರಬೇಕು. ಗೀರು ಸವೆದರೆ ಮಳೆನೀರು ಹೊರಹೋಗದೆ ಕಾರು ಜಾರುತ್ತದೆ.

ಎಂಜಿನ್ ಆಯಿಲ್ ಮತ್ತು ಕೂಲಂಟ್
ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿದ ಕೆಲವು ನಿಮಿಷಗಳ ನಂತರ ಅಳತೆ ಕಡ್ಡಿಯನ್ನು ಒರೆಸಿ, ಮತ್ತೆ ಅದ್ದಿ ನೋಡಬೇಕು. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಎಂಜಿನ್ ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆರೆಯಬಾರದು. ಒತ್ತಡದಲ್ಲಿರುವ ಕುದಿನೀರು ಚಿಮ್ಮಿ ಸುಟ್ಟಗಾಯಗಳಾಗುತ್ತವೆ.

ಬ್ರೇಕ್
ಬ್ರೇಕ್ ಆಯಿಲ್ ಕಡಿಮೆಯಾಗಿದ್ದರೆ ಪ್ಯಾಡ್ ಸವೆದಿರಬಹುದು ಅಥವಾ ಸೋರಿಕೆ ಇರಬಹುದು. ಆದ್ದರಿಂದ ಕಾರಣ ತಿಳಿಯದೆ ಕೇವಲ ತುಂಬಿಸುವುದು ಅಪಾಯಕಾರಿ. ಈ ದ್ರವವು ಗಾಳಿಯ ತೇವಾಂಶವನ್ನು ಹೀರಿಕೊಳ್ಳುವುದರಿಂದ ಕ್ರಮೇಣ ಅದರ ಕುದಿಯುವ ಬಿಂದು ಇಳಿಯುತ್ತದೆ. ಘಾಟಿಯ ಇಳಿಜಾರಿನಲ್ಲಿ ಸತತವಾಗಿ ಬ್ರೇಕ್ ಒತ್ತಿದಾಗ ಹಳೆಯ ದ್ರವ ಕುದಿದು, ಆವಿಯ ಗುಳ್ಳೆಗಳು ಉಂಟಾಗಿ, ಪೆಡಲ್ ಮೆತ್ತಗಾಗಿ ಬ್ರೇಕ್ ವಿಫಲವಾಗಬಹುದು. ತಯಾರಕರು ಸೂಚಿಸಿದ ಅವಧಿಗೆ ದ್ರವವನ್ನು ಬದಲಾಯಿಸುವುದು ಹಾಗೂ ಕೆಳಗಿನ ಗೇರಿನಲ್ಲಿ ಇಳಿಯುವುದು ಇದಕ್ಕೆ ಪರಿಹಾರ.

ಮಿತಿಗಳು
ಏರ್‌ಬ್ಯಾಗ್, ಬ್ರೇಕಿನ ಒಳಭಾಗಗಳು ಹಾಗೂ ವಿದ್ಯುತ್ ಕಾರುಗಳ ಕಿತ್ತಳೆ ಬಣ್ಣದ ಅಧಿಕ ವೋಲ್ಟೇಜ್ ತಂತಿಗಳನ್ನು ತರಬೇತಿ ಪಡೆದ ತಂತ್ರಜ್ಞರೇ ನಿರ್ವಹಿಸಬೇಕು.