ಗುಂಡಿ ತೋಡಿದವರು ಯಾರು?

ಕಳೆದ ವರ್ಷ ಮಾಘಮಾಸದಲ್ಲಿ ನಮ್ಮ ಬೀದಿಗೆ ಹೊಸ ಡಾಮರು ಬಿದ್ದಿತು. ಮಸಿಯಲ್ಲಿ ಅದ್ದಿ ಹಾಸಿದ ಜಮಖಾನದಂತೆ ಅದು ಮಿರುಗುತ್ತಿದ್ದುದನ್ನು ನೋಡಿ ಬೀದಿಯವರೆಲ್ಲ ಸಂತೋಷಪಟ್ಟರು. ಆ ಸಂತೋಷಕ್ಕೆ ಆಯುಸ್ಸು ಆರೇ ತಿಂಗಳು. ಶ್ರಾವಣದ ಮಳೆ ಹಿಡಿಯುವಷ್ಟರಲ್ಲಿ ಆ ಕೊನೆಯಿಂದ ಈ ಕೊನೆಗೆ ಏಳು ಗುಂಡಿಗಳು ಬಾಯಿ ತೆರೆದಿದ್ದುವು.

ಒಂದು ಸಂಜೆ ನೆರೆಮನೆಯವರು ತಮ್ಮ ಎಂಟು ವರ್ಷದ ಮಗಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಸಂಗೀತದ ಪಾಠದಿಂದ ಕರೆತರುತ್ತಿದ್ದರು. ನೀರು ತುಂಬಿ ನೆಲದೊಡನೆ ಸಮವಾಗಿ ಕಾಣುತ್ತಿದ್ದ ಗುಂಡಿಯೊಂದರಲ್ಲಿ ಮುಂದಿನ ಚಕ್ರ ಇಳಿಯಿತು. ತಂದೆಗೆ ತರಚು ಗಾಯ. ಮಗುವಿನ ಬಲಗೈ ಮೂಳೆ ಮುರಿಯಿತು. ಮರುದಿನ ನೋಡಲು ಹೋದಾಗ, ಕಟ್ಟು ಹಾಕಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಆ ಹುಡುಗಿ ನನ್ನನ್ನು ಕೇಳಿದಳು: "ನೀವು ಮೇಷ್ಟ್ರಲ್ಲವೇ ಮಾವ? ಆ ಗುಂಡಿಯನ್ನು ತೋಡಿದವರು ಯಾರು, ಹೇಳಿ."

ಹಳೆಯ ಪದ್ಯಗಳಿಗೆ ಅನ್ವಯಾರ್ಥ ಹೇಳಿ ಜೀವನ ಮಾಡುವ ನನಗೆ ಈ ಪ್ರಶ್ನೆಗೆ ಉತ್ತರ ತಿಳಿದಿರಲಿಲ್ಲ. ಯಾರೂ ಅಲ್ಲಿ ಗುದ್ದಲಿ ಹಿಡಿದಿರಲಿಲ್ಲ. ಆದರೂ ಗುಂಡಿ ಬಿದ್ದಿತ್ತು. ಎಂಜಿನಿಯರಿಂಗ್ ಕಾಲೇಜಿನಲ್ಲಿ ರಸ್ತೆಗಳ ವಿಷಯವನ್ನು ಬೋಧಿಸುವ ಮಿತ್ರರೊಬ್ಬರ ಬಳಿಗೆ ಹೋದೆ. ಅವರು ನಕ್ಕು, "ನಾಳೆ ನಮ್ಮ ಪ್ರಯೋಗಶಾಲೆಗೆ ಬನ್ನಿ. ಉತ್ತರವನ್ನು ಹೇಳುವುದಿಲ್ಲ, ತೋರಿಸುತ್ತೇನೆ" ಎಂದರು.

ಎರಡು ಗಾಜಿನ ಪಾತ್ರೆಗಳು

ಮೇಜಿನ ಮೇಲೆ ನೀರು ತುಂಬಿದ ಎರಡು ಗಾಜಿನ ಪಾತ್ರೆಗಳಿದ್ದುವು. ಎರಡರಲ್ಲಿಯೂ ಡಾಮರು ಬಳಿದ ಜಲ್ಲಿಕಲ್ಲುಗಳು. 40 ಡಿಗ್ರಿ ಸೆಂಟಿಗ್ರೇಡ್ ಶಾಖದ ನೀರಿನಲ್ಲಿ 24 ಗಂಟೆಗಳ ಕಾಲ ಅವುಗಳನ್ನು ಮುಳುಗಿಸಿ ಇಟ್ಟಿದ್ದರಂತೆ. ಮೊದಲನೆಯ ಪಾತ್ರೆಯ ಕಲ್ಲುಗಳನ್ನು ನೋಡಿ ನನಗೆ ಆಶ್ಚರ್ಯವಾಯಿತು. ಡಾಮರಿನ ಪೊರೆ ಅಲ್ಲಲ್ಲಿ ಸರಿದು, ಕಲ್ಲಿನ ಬೂದು ಮೈ ಬಯಲಾಗಿತ್ತು. ಎರಡನೆಯ ಪಾತ್ರೆಯ ಕಲ್ಲುಗಳಾದರೋ ಹಾಕಿದಾಗ ಹೇಗಿದ್ದುವೋ ಹಾಗೆಯೇ ಕಪ್ಪಗೆ ಹೊಳೆಯುತ್ತಿದ್ದುವು.

"ಒಂದೇ ಗಣಿಯ ಕಲ್ಲು, ಒಂದೇ ಪೀಪಾಯಿಯ ಡಾಮರು. ಎರಡನೆಯ ಪಾತ್ರೆಯ ಕಲ್ಲಿಗೆ ಮೊದಲು ಸ್ವಲ್ಪ ಸುಣ್ಣ ಸೋಕಿಸಿದ್ದೆವು. ವ್ಯತ್ಯಾಸ ಅಷ್ಟೇ" ಎಂದರು ಮಿತ್ರರು.

ಡಾಮರು ರಸ್ತೆಯೆಂದು ನಾವು ಕರೆದರೂ ಅದರಲ್ಲಿ ಡಾಮರು ಇರುವುದು ಬಹಳ ಸ್ವಲ್ಪ. ಒಂದು ಟನ್ ಮಿಶ್ರಣದಲ್ಲಿ ಸುಮಾರು 950 ಕಿಲೊ ಕಲ್ಲೇ. ಉಳಿದ 50 ಕಿಲೊ ಮಾತ್ರ ಡಾಮರು. ಹಿಂದೆ ಕಲ್ಲಿದ್ದಲಿನಿಂದ ಬಂದ ಟಾರನ್ನು ರಸ್ತೆಗೆ ಬಳಸುತ್ತಿದ್ದರು. ಈಗಿನದು ಕಚ್ಚಾ ತೈಲದಿಂದ ಪೆಟ್ರೋಲು, ಡೀಸೆಲ್‍ಗಳನ್ನು ಬೇರ್ಪಡಿಸಿದ ಮೇಲೆ ತಳದಲ್ಲಿ ಉಳಿಯುವ ಬಿಟುಮೆನ್ ಎಂಬ ವಸ್ತು. ಹೆಸರು ಮಾತ್ರ ಹಳೆಯದೇ ಉಳಿದಿದೆ. ಇಷ್ಟು ಕಲ್ಲನ್ನು ಇಷ್ಟೇ ಇಷ್ಟು ಅಂಟು ಹಿಡಿದಿಡಬೇಕು. ಮೇಲೆ ಲಾರಿಗಳು ಓಡಬೇಕು, ಬಿಸಿಲು ಸುಡಬೇಕು, ಮಳೆ ಸುರಿಯಬೇಕು.

ಇಲ್ಲಿ ಕಲ್ಲಿನ ಕುಲಗುಣವೂ ಲೆಕ್ಕಕ್ಕೆ ಬರುತ್ತದೆ. ಲಾಲ್‍ಬಾಗಿನ ಬಂಡೆಯನ್ನು ನೀವು ನೋಡಿರಬಹುದು. ಸುಮಾರು 300 ಕೋಟಿ ವರ್ಷಗಳಷ್ಟು ಪ್ರಾಚೀನವಾದ ನೈಸ್ ಶಿಲೆ ಅದು. ದಕ್ಷಿಣ ಕರ್ನಾಟಕದ ಬಹುಭಾಗ ಇಂತಹ ಶಿಲೆಯ ಮೇಲೆಯೇ ನಿಂತಿದೆ. ನಮ್ಮ ರಸ್ತೆಗಳ ಜಲ್ಲಿಯೂ ಹೆಚ್ಚಾಗಿ ಇದರಿಂದ ಅಥವಾ ಇದರ ಬಂಧುವಾದ ಗ್ರಾನೈಟಿನಿಂದ ಬಂದದ್ದು. ಗಟ್ಟಿತನದಲ್ಲಿ ಇವುಗಳಿಗೆ ಎಣೆಯಿಲ್ಲ. ಆದರೆ ಇವುಗಳಲ್ಲಿ ಸಿಲಿಕಾ ಅಂಶ ಹೆಚ್ಚು. ಸಿಲಿಕಾ ತುಂಬಿದ ಕಲ್ಲಿಗೆ ಡಾಮರಿಗಿಂತ ನೀರಿನ ಮೇಲೆ ಪ್ರೀತಿ ಹೆಚ್ಚು. ಸಣ್ಣ ಸಂದು ಸಿಕ್ಕರೂ ಸಾಕು, ನೀರು ಒಳಹೊಕ್ಕು ಡಾಮರನ್ನು ತಳ್ಳಿ ಕಲ್ಲಿನ ಮೈಯನ್ನು ತಾನು ಅಪ್ಪಿಕೊಳ್ಳುತ್ತದೆ. ಶಹಾಬಾದಿನ ಕಡೆಯ ಸುಣ್ಣಕಲ್ಲಿಗೆ ಈ ದೋಷ ಕಡಿಮೆ. ಡಾಮರು ಅದನ್ನು ಬಿಗಿಯಾಗಿ ಹಿಡಿಯುತ್ತದೆ.

ಈಗ ನಮ್ಮ ಬೀದಿಯನ್ನು ನೆನೆಯಿರಿ. ಮಳೆಯ ನೀರು ಮೇಲ್ಪದರದ ಸೂಕ್ಷ್ಮ ರಂಧ್ರಗಳಲ್ಲಿ ಇಳಿಯುತ್ತದೆ. ಅದರ ಮೇಲೆ ಲಾರಿಯ ಚಕ್ರ ಹಾಯ್ದಾಗ ನೀರು ಒತ್ತಡದಿಂದ ಒಳಕ್ಕೆ ನುಗ್ಗುತ್ತದೆ. ಚಕ್ರ ದಾಟಿದೊಡನೆ ಹೊರಕ್ಕೆ ಜಗ್ಗಲ್ಪಡುತ್ತದೆ. ದಿನಕ್ಕೆ ಸಾವಿರಾರು ಸಲ ಈ ತಿದಿಯ ಕೆಲಸ ನಡೆಯುತ್ತದೆ. ಕ್ರಮೇಣ ಡಾಮರು ಕಲ್ಲನ್ನು ಬಿಡುತ್ತದೆ. ಒಂದು ಕಲ್ಲು ಸಡಿಲವಾಗಿ ಎದ್ದು ಹೋದರೆ ಅದರ ನೆರೆಯ ಕಲ್ಲಿಗೆ ಆಸರೆ ತಪ್ಪುತ್ತದೆ. ಒಂದರ ಹಿಂದೆ ಒಂದರಂತೆ ಎದ್ದು, ಗುಂಡಿ ಬೆಳೆಯುತ್ತದೆ.

ಮುದ್ದೆಯ ಪಾಠ

ಹಾಗಾದರೆ ಸುಣ್ಣ ಮಾಡುವುದೇನು? ಇದನ್ನು ತಿಳಿಯಬೇಕಾದರೆ ಮೊದಲು ಪುಡಿಯ ಮಹಿಮೆಯನ್ನು ತಿಳಿಯಬೇಕು.

ರಸ್ತೆಯ ಮಿಶ್ರಣದಲ್ಲಿ ದಪ್ಪ ಜಲ್ಲಿ, ಸಣ್ಣ ಜಲ್ಲಿ, ಕಲ್ಲಿನ ಮರಳು ಇವುಗಳ ಜೊತೆಗೆ ಹಿಟ್ಟಿನಂತಹ ಒಂದು ನುಣ್ಣನೆಯ ಪುಡಿಯನ್ನು ಬೆರೆಸುತ್ತಾರೆ. ಎಂಜಿನಿಯರರು ಇದನ್ನು ಫಿಲ್ಲರ್ ಎನ್ನುತ್ತಾರೆ. ನಾವು ಪೂರಕಪುಡಿ ಎನ್ನೋಣ. ಇದರ ಬಹುಭಾಗ 75 ಮೈಕ್ರಾನ್ ಅಳತೆಯ ಜರಡಿಯಲ್ಲಿ, ಎಂದರೆ ಒಂದು ಮಿಲಿಮೀಟರಿನಲ್ಲಿ ಹದಿಮೂರನೆಯ ಒಂದು ಪಾಲಿನಷ್ಟು ಸಣ್ಣ ಕಣ್ಣುಗಳಲ್ಲಿ, ಇಳಿದುಹೋಗಬೇಕು. ಕಲ್ಲಿನ ಪುಡಿ, ಸಿಮೆಂಟು, ನೀರು ತಾಕಿಸಿ ಅರಳಿಸಿದ ಸುಣ್ಣ ಇವು ಸಾಮಾನ್ಯವಾಗಿ ಬಳಕೆಯಲ್ಲಿರುವ ಪುಡಿಗಳು.

ಪುಡಿಯ ಶಕ್ತಿ ಇರುವುದು ಅದರ ಮೈಯ ಹರಹಿನಲ್ಲಿ. ಒಂದು ಸೆಂಟಿಮೀಟರ್ ಉದ್ದಗಲದ ಕಲ್ಲಿನ ಘನದ ಆರು ಮುಖಗಳ ವಿಸ್ತೀರ್ಣ 6 ಚದರ ಸೆಂಟಿಮೀಟರ್. ಅದನ್ನೇ 75 ಮೈಕ್ರಾನಿನ ಚಿಕ್ಕ ಘನಗಳಾಗಿ ಒಡೆದರೆ ವಿಸ್ತೀರ್ಣ 800 ಚದರ ಸೆಂಟಿಮೀಟರಿಗೆ ಏರುತ್ತದೆ! ಆದುದರಿಂದಲೇ ತೂಕದಲ್ಲಿ ಅಲ್ಪವಾದ ಪುಡಿ ಡಾಮರಿನ ಸ್ವಭಾವವನ್ನೇ ಬದಲಿಸಬಲ್ಲುದು.

ನಮ್ಮ ತಾಯಂದಿರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಕುದಿಯುವ ನೀರಿಗೆ ರಾಗಿಹಿಟ್ಟು ಕಡಿಮೆ ಬಿದ್ದರೆ ಅಂಬಲಿ; ಹದವಾಗಿ ಬಿದ್ದರೆ ಮುದ್ದೆ; ಮಿತಿಮೀರಿದರೆ ಬಿರುಕುಬಿಟ್ಟು ಉದುರುವ ಗಂಟು. ಡಾಮರಿನ ಸಂಗತಿಯೂ ಹೀಗೆಯೇ. ಕಲ್ಲುಗಳನ್ನು ಕಟ್ಟಿಹಿಡಿಯುವುದು ಬರಿಯ ಡಾಮರಲ್ಲ. ಡಾಮರೂ ಪುಡಿಯೂ ಸೇರಿದ ಗಟ್ಟಿ ಲೇಪ. ಪುಡಿ ಕಡಿಮೆಯಾದರೆ ಬೇಸಗೆಯಲ್ಲಿ ರಸ್ತೆ ಮೆತ್ತಗಾಗಿ ಬಸ್ಸಿನ ಚಕ್ರಗಳು ಉದ್ದುದ್ದ ಹಳ್ಳಗಳನ್ನು ಒತ್ತುತ್ತವೆ. ಹೆಚ್ಚಾದರೆ ಲೇಪ ಪೆಡಸಾಗಿ ಬಿರಿಯುತ್ತದೆ. ಆ ಬಿರುಕು ನೀರಿಗೆ ಹೆಬ್ಬಾಗಿಲು. ತೂಕದಲ್ಲಿ ಡಾಮರಿನ 0.6 ರಿಂದ 1.2 ಪಾಲಿನಷ್ಟು ಪುಡಿ ಇರುವುದು ಸಾಮಾನ್ಯವಾಗಿ ಒಪ್ಪಿದ ಹದ. ಆದರೆ ಎಲ್ಲ ಪುಡಿಯೂ ಸಮನಲ್ಲ. ಒತ್ತಿ ತುಂಬಿದ ಪುಡಿಯ ಕಣಗಳ ನಡುವೆ ಉಳಿಯುವ ಬರಿಜಾಗ ಎಷ್ಟೆಂಬುದನ್ನು ಅಳೆದರೆ ಅದು ಡಾಮರನ್ನು ಎಷ್ಟು ಗಟ್ಟಿಮಾಡುವುದೆಂದು ಊಹಿಸಬಹುದೆಂದು ರಿಗ್ಡನ್ ಎಂಬ ಬ್ರಿಟಿಷ್ ಸಂಶೋಧಕ 1947 ರಲ್ಲಿಯೇ ತೋರಿಸಿಕೊಟ್ಟ.

ಪುಡಿ ಎಂದ ಮಾತ್ರಕ್ಕೆ ಸಿಕ್ಕಿದ ಧೂಳನ್ನೆಲ್ಲ ಸುರಿಯುವಂತಿಲ್ಲ. ಜೇಡಿಮಣ್ಣು ಬೆರೆತ ಧೂಳು ನೋಡಲು ಕಲ್ಲಿನ ಪುಡಿಯಂತೆಯೇ ಇರುತ್ತದೆ; ಆದರೆ ನೀರು ಕುಡಿದರೆ ಉಬ್ಬುತ್ತದೆ. ಅದು ಕಲ್ಲಿಗೂ ಡಾಮರಿಗೂ ನಡುವೆ ಕುಳಿತು ಮನೆಮುರುಕ ನೆಂಟನಂತೆ ಸಂಬಂಧ ಕೆಡಿಸುತ್ತದೆ.

ಸುಣ್ಣದ ವಿಶೇಷ

ಪುಡಿಗಳಲ್ಲೆಲ್ಲ ಅರಳಿದ ಸುಣ್ಣದ ಸ್ಥಾನ ಬೇರೆ. ಅದು ಜಾಗ ತುಂಬುವುದಷ್ಟೇ ಅಲ್ಲ, ರಾಸಾಯನಿಕವಾಗಿಯೂ ದುಡಿಯುತ್ತದೆ. ಡಾಮರಿನಲ್ಲಿ ಆಮ್ಲಗುಣದ ಕೆಲವು ಅಂಶಗಳಿವೆ. ಅವು ಸಿಲಿಕಾದ ಕಲ್ಲಿಗೆ ಅಂಟಿದರೂ ನೀರು ಬಂದೊಡನೆ ಸುಲಭವಾಗಿ ಬಿಡುತ್ತವೆ. ಸುಣ್ಣದ ಕ್ಯಾಲ್ಸಿಯಂ ಅವುಗಳೊಡನೆ ಕೂಡಿ ನೀರಿನಲ್ಲಿ ಕರಗದ ಬಂಧವನ್ನು ಕಟ್ಟುತ್ತದೆ. ಮೇಲಾಗಿ, ಗಾಳಿಯ ಆಮ್ಲಜನಕದಿಂದ ಡಾಮರು ವರ್ಷ ವರ್ಷಕ್ಕೆ ಮುದಿಯಾಗಿ ಪೆಡಸಾಗುವುದನ್ನೂ ಸುಣ್ಣ ನಿಧಾನಗೊಳಿಸುತ್ತದೆ. ಕಲ್ಲಿನ ತೂಕದ ಶೇಕಡ 1 ರಿಂದ 2 ರಷ್ಟು ಸುಣ್ಣ ಸಾಕು. ಒಂದು ಟನ್ ಮಿಶ್ರಣಕ್ಕೆ ಹೆಚ್ಚೆಂದರೆ 20 ಕಿಲೊ. ತಾಂಬೂಲದಲ್ಲಿ ಸುಣ್ಣವಿದ್ದಂತೆ: ಇಲ್ಲದಿದ್ದರೆ ರಂಗೇರದು, ಹೆಚ್ಚಾದರೆ ಬಾಯಿ ಸುಡುವುದು.

ಪುಡಿ ಬೆರೆತ ಡಾಮರನ್ನು ನಿಸರ್ಗವೇ ಒಂದು ಕಡೆ ಸಿದ್ಧಪಡಿಸಿಟ್ಟಿದೆ. ವೆಸ್ಟ್ ಇಂಡೀಸಿನ ಟ್ರಿನಿಡಾಡ್ ದ್ವೀಪದಲ್ಲಿ ಸುಮಾರು 100 ಎಕರೆಯ ಡಾಮರಿನ ಕೆರೆಯೊಂದುಂಟು. 1595 ರಲ್ಲಿ ವಾಲ್ಟರ್ ರಾಲಿ ತನ್ನ ಹಡಗುಗಳ ಬಿರುಕುಗಳನ್ನು ಮುಚ್ಚಲು ಇದನ್ನೇ ಬಳಸಿದ. ಶುದ್ಧೀಕರಿಸಿದ ಮೇಲೆಯೂ ಈ ಡಾಮರಿನಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ನುಣ್ಣನೆಯ ಖನಿಜದ ಪುಡಿ ಬೆರೆತೇ ಇರುತ್ತದೆ. 1876 ರಲ್ಲಿ ವಾಷಿಂಗ್ಟನ್ ನಗರದ ಪೆನ್ಸಿಲ್ವೇನಿಯಾ ಅವೆನ್ಯೂಗೆ ಹೊದಿಸಿದ್ದು ಇದನ್ನೇ. ಮನುಷ್ಯ ಡಾಮರಿನ ಗುಣ ಕಂಡದ್ದು ಅದಕ್ಕೂ ಬಹಳ ಹಿಂದೆ; ಮೊಹೆಂಜೊದಾರೊವಿನ ಮಹಾಸ್ನಾನಗೃಹದಲ್ಲಿ ನೀರು ಜಿನುಗದಂತೆ ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಬಳಿದ ಡಾಮರಿನ ಪದರ ಸಿಕ್ಕಿದೆ.

ಪ್ಲಾಸ್ಟಿಕ್, ರಬ್ಬರು, ನಾರು

ಪುಡಿಯಲ್ಲದೆ ಬೇರೆ ಸಹಾಯಕರೂ ಉಂಟು. ಅಮೆರಿಕದ ಫೀನಿಕ್ಸ್ ನಗರದಲ್ಲಿ ಚಾರ್ಲ್ಸ್ ಮೆಕ್‍ಡೊನಾಲ್ಡ್ ಎಂಬ ಎಂಜಿನಿಯರು 1960 ರ ದಶಕದಲ್ಲಿ ಹಳೆಯ ಟೈರುಗಳ ರಬ್ಬರ್ ಪುಡಿಯನ್ನು ಡಾಮರಿಗೆ ಬೆರೆಸಿ ಅದರ ಬಾಗುವ ಶಕ್ತಿಯನ್ನು ಹೆಚ್ಚಿಸಿದ. ಅದೇ ದಶಕದಲ್ಲಿ ಜರ್ಮನರು ದಪ್ಪ ಕಲ್ಲುಗಳೇ ಒಂದಕ್ಕೊಂದು ಆತುಕೊಂಡು ಭಾರ ಹೊರುವಂತಹ ಮಿಶ್ರಣವೊಂದನ್ನು ರೂಪಿಸಿದರು. ಅದರಲ್ಲಿ ಡಾಮರೂ ಪುಡಿಯೂ ಹೆಚ್ಚು. ಬಿಸಿಯಾದ ಡಾಮರು ಕೆಳಕ್ಕೆ ಸೋರಿಹೋಗದಂತೆ ತಡೆಯಲು ಶೇಕಡ 0.3 ರಷ್ಟು ಸಸ್ಯದ ನಾರನ್ನು ಸೇರಿಸುತ್ತಾರೆ.

ನಮ್ಮ ದೇಶದ ಕೊಡುಗೆಯೂ ಸಣ್ಣದಲ್ಲ. ಮಧುರೆಯ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ರಾಜಗೋಪಾಲನ್ ವಾಸುದೇವನ್ ಅವರು ಬಿಸಿ ಜಲ್ಲಿಯ ಮೇಲೆ ಹರಕು ಪ್ಲಾಸ್ಟಿಕ್ ಚೂರುಗಳನ್ನು ಉದುರಿಸಿ ನೋಡಿದರು. ಸುಮಾರು 160 ರಿಂದ 170 ಡಿಗ್ರಿ ಶಾಖದಲ್ಲಿ ಪ್ಲಾಸ್ಟಿಕ್ ಕರಗಿ ಕಲ್ಲಿಗೆ ತೆಳುವಾದ ಅಂಗಿ ತೊಡಿಸುತ್ತದೆ. ಆ ಅಂಗಿಯ ಮೇಲೆ ಡಾಮರು ಚೆನ್ನಾಗಿ ಹಿಡಿಯುತ್ತದೆ, ನೀರು ಕಲ್ಲನ್ನು ಮುಟ್ಟುವುದು ಕಷ್ಟವಾಗುತ್ತದೆ. ಈ ಸಾಧನೆಗಾಗಿ ಅವರಿಗೆ 2018 ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಬೆಂಗಳೂರಿನಲ್ಲಿಯೂ 2002 ರ ಸುಮಾರಿಗೆ ಇಂತಹ ಪ್ರಯತ್ನ ನಡೆಯಿತು. ಬೆಂಗಳೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದ ಜಸ್ಟೊ ಮತ್ತು ವೀರರಾಗವನ್ ಅವರು ಪ್ಲಾಸ್ಟಿಕ್ ಬೆರೆಸಿದ ಡಾಮರನ್ನು ಪರೀಕ್ಷಿಸಿದರು. 2013 ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಇದಕ್ಕೆ ಮಾರ್ಗದರ್ಶಿ ನಿಯಮಗಳನ್ನೇ ಪ್ರಕಟಿಸಿತು. ಆದರೆ ಎಲ್ಲ ಪ್ಲಾಸ್ಟಿಕ್ಕೂ ಸಲ್ಲದು. ಪಿ.ವಿ.ಸಿ.ಯನ್ನು ಕಾಯಿಸಿದರೆ ವಿಷಾನಿಲ ಹೊಮ್ಮುವುದರಿಂದ ಅದನ್ನು ನಿಷೇಧಿಸಿದ್ದಾರೆ. ರಸ್ತೆ ಸವೆದಾಗ ಪ್ಲಾಸ್ಟಿಕ್ಕಿನ ಸೂಕ್ಷ್ಮಕಣಗಳು ಮಣ್ಣು ನೀರುಗಳನ್ನು ಸೇರುವುವೆಂಬ ಚಿಂತೆಯೂ ಇದ್ದೇ ಇದೆ.

ಪರೀಕ್ಷೆ ಮತ್ತು ಪ್ರಾಮಾಣಿಕತೆ

"ಇಷ್ಟೆಲ್ಲ ತಿಳಿದಿದ್ದೂ ನಮ್ಮ ಬೀದಿಗೆ ಈ ಗತಿಯೇಕೆ?" ಎಂದು ಕೇಳಿದೆ.

ಮಿತ್ರರು ಅಂಗೈಯಗಲದ ಒಂದು ಕಪ್ಪು ಬಿಲ್ಲೆಯನ್ನು ನನ್ನ ಕೈಯಲ್ಲಿಟ್ಟರು. ಅಮೆರಿಕದ ಮಿಸಿಸಿಪಿಯ ಬ್ರೂಸ್ ಮಾರ್ಷಲ್ 1939 ರ ಸುಮಾರಿಗೆ ರೂಪಿಸಿದ ಪರೀಕ್ಷೆಗೆ ಸಿದ್ಧಪಡಿಸಿದ ಮಾದರಿ ಅದು. ಒಂದೊಂದು ಮುಖಕ್ಕೂ 75 ಸಲ ಕುಟ್ಟಿ, 60 ಡಿಗ್ರಿ ನೀರಿನಲ್ಲಿ ಇಟ್ಟು, ಯಂತ್ರದಲ್ಲಿ ಹಿಸುಕಿ ಅದರ ಬಲವನ್ನು ಅಳೆಯುತ್ತಾರೆ. ಕುಟ್ಟಿದ ಮೇಲೆ ಅದರೊಳಗೆ ಶೇಕಡ 3 ರಿಂದ 5 ರಷ್ಟು ಗಾಳಿಯ ಜಾಗ ಉಳಿದಿರಬೇಕು. ಅದಕ್ಕಿಂತ ಕಡಿಮೆಯಾದರೆ ಬಿಸಿಲಿಗೆ ಡಾಮರು ಮೇಲಕ್ಕೆ ಬೆವರುತ್ತದೆ. ಹೆಚ್ಚಾದರೆ ನೀರು ಒಳಗಿಳಿಯುತ್ತದೆ. ಇನ್ನೊಂದು ಪರೀಕ್ಷೆಯಲ್ಲಿ ನೀರಿನಲ್ಲಿ ನೆನೆಸಿದ ಬಿಲ್ಲೆ ಒಣಬಿಲ್ಲೆಯ ಬಲದಲ್ಲಿ ಶೇಕಡ 80 ನ್ನಾದರೂ ಉಳಿಸಿಕೊಂಡಿರಬೇಕು. ಉಳಿಸಿಕೊಳ್ಳದಿದ್ದರೆ ಸುಣ್ಣವನ್ನೋ ಅಂತಹುದೇ ಬೇರೆ ಮದ್ದನ್ನೋ ಬೆರೆಸಲೇಬೇಕು.

"ನೋಡಿ" ಎಂದರು ಮಿತ್ರರು, "ಪುಡಿ ಕಣ್ಣಿಗೆ ಕಾಣುವುದಿಲ್ಲ. ಹಾಕಿದರೂ ರಸ್ತೆ ಕಪ್ಪು, ಹಾಕದಿದ್ದರೂ ಕಪ್ಪು. ಹೊಸ ರಸ್ತೆಯನ್ನು ನೋಡಿದ ಯಾರೂ ಇದರಲ್ಲಿ ಸುಣ್ಣವಿದೆಯೇ ಎಂದು ಕೇಳುವುದಿಲ್ಲ. ಅದನ್ನು ಕೇಳುವುದು ಮಳೆ ಮಾತ್ರ. ಆದರೆ ಪುಡಿಯಿಂದಲೇ ಎಲ್ಲವೂ ಆಗದು. ಚರಂಡಿ ಕಟ್ಟಿಕೊಂಡು ವಾರಗಟ್ಟಲೆ ನೀರು ನಿಲ್ಲುವ ಬೀದಿಗೆ ಯಾವ ಮದ್ದೂ ನಾಟದು. ತಣ್ಣಗಾದ ಮಿಶ್ರಣವನ್ನು ಹಾಸಿದರೆ, ರೋಲರ್ ಸಾಕಷ್ಟು ಓಡದಿದ್ದರೆ, ಸುಣ್ಣವೂ ಕೈಚೆಲ್ಲುತ್ತದೆ."

ನಮ್ಮ ಬೀದಿಯ ಮಿಶ್ರಣದಲ್ಲಿ ಕೊರತೆಯಾದುದು ಪುಡಿಯೋ, ರೋಲರಿನ ಓಟವೋ, ಚರಂಡಿಯ ಹರಿವೋ ಎಂಬುದನ್ನು ರಸ್ತೆಯನ್ನು ಕೊರೆದು ಪರೀಕ್ಷಿಸದೆ ಹೇಳುವುದು ನ್ಯಾಯವಲ್ಲ. ಆದುದರಿಂದ ಬೀದಿಯ ಹಿರಿಯರೆಲ್ಲ ಸೇರಿ ಒಂದು ಅರ್ಜಿ ಬರೆದೆವು. ಮುಂದಿನ ಸಲ ಡಾಮರು ಹಾಕುವ ಮೊದಲು ಚರಂಡಿಯನ್ನು ಸರಿಪಡಿಸಬೇಕೆಂದೂ, ಮಿಶ್ರಣದ ಪರೀಕ್ಷೆಯ ಫಲಿತಾಂಶವನ್ನು ನಮಗೆ ತೋರಿಸಬೇಕೆಂದೂ ಅದರಲ್ಲಿ ಕೇಳಿದ್ದೇವೆ. ಭಾಷೆಯನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿತು.

ಹುಡುಗಿಯ ಕೈಕಟ್ಟನ್ನು ಬಿಚ್ಚಿದ ದಿನ ಅವಳ ಮನೆಗೆ ಹೋಗಿ ಉತ್ತರ ಒಪ್ಪಿಸಿದೆ. "ಗುಂಡಿಯನ್ನು ತೋಡಿದ್ದು ನೀರು, ಮಗು. ಅದನ್ನು ಒಳಕ್ಕೆ ಬಿಟ್ಟವರು ನಾವು, ದೊಡ್ಡವರು."

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ, "ಹಾಗಾದರೆ ಆ ಅರ್ಜಿಗೆ ನಾನೂ ರುಜು ಹಾಕಬಹುದೇ?" ಎಂದು ಕೇಳಿದಳು. ಆಗತಾನೇ ಕಟ್ಟು ಬಿಚ್ಚಿದ ಕೈಯಿಂದ ಅವಳು ಬರೆದ ಸೊಟ್ಟ ಅಕ್ಷರಗಳು ನಮ್ಮೆಲ್ಲರ ಹೆಸರುಗಳ ಕೆಳಗೆ, ಅರ್ಜಿಯ ಕೊನೆಯಲ್ಲಿವೆ.